ಭಾಗ್ಯಜ್ಯೋತಿ ‘ಬಿಡ್ರಿ’ ಅಂದದ್ದು

ನಮ್ಮ ಕಡೆ ‘ಬಿಡ್ರಿ’ ಅಂದರೆ ಏನು ಎಂದು ಹೊರಗಿನವರು ಕೇಳಿದರೆ ಹೇಳುವುದು ಕಷ್ಟ. ಗಾಡಿ ಹೊರಡಿಸಬೇಕಾದರೂ ಬಿಡ್ರಿ, ಹಿಡಿದದ್ದನ್ನು ಕೈಬಿಡಬೇಕಾದರೂ ಬಿಡ್ರಿ, ಆದದ್ದಾಯಿತು ಇನ್ನು ಚಿಂತೆ ಬೇಡ ಅನ್ನಬೇಕಾದರೂ ಬಿಡ್ರಿ. ಐವತ್ತೆರಡು ವರ್ಷ ಈ ಮಾತಿನ ಜೊತೆಗೇ ಬದುಕಿದವನು ನಾನು. ಒಂದು ದಿನವೂ ಅದು ನನಗೆ ತೊಡಕು ಅನ್ನಿಸಿರಲಿಲ್ಲ.

ಭಾಗ್ಯಜ್ಯೋತಿ ಬೇವೂರಿನ ಹುಡುಗಿ. ಹೈಸ್ಕೂಲಿನಲ್ಲಿ ನನ್ನ ಖೋಖೋ ತಂಡದಲ್ಲಿದ್ದಳು. ನನ್ನ ಹೆಸರು ಆನಂದ, ದೈಹಿಕ ಶಿಕ್ಷಕ. ಸೀಟಿ ಊದುವುದು ನನ್ನ ನೌಕರಿ, ಸಿಟ್ಟು ಮಾಡುವುದು ನನ್ನ ಸ್ವಭಾವ. ನನ್ನ ಸಿಟ್ಟಿಗೆ ಹೆದರದೆ ತಿರುಗಿ ಉತ್ತರ ಕೊಡುತ್ತಿದ್ದವಳು ಅವಳೊಬ್ಬಳೇ. ಬೀರಪ್ಪ ದೇವರ ಒಕ್ಕಲಿನ ಮನೆ, ಇಪ್ಪತ್ತು ಕುರಿ, ಹೊಲದಲ್ಲೊಂದು ಬಾವಿ. ಆರು ವರ್ಷದವಳಿದ್ದಾಗ ತಾಯಿ ಹನಮವ್ವ ಈಜು ಕಲಿಸಲೆಂದು ಅವಳ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಆ ಬಾವಿಗೆ ನೂಕಿದ್ದಳಂತೆ. ಎಂಟು ದಿನಕ್ಕೆ ಡಬ್ಬಿ ಬಿಚ್ಚಿದಳು, ಹುಡುಗಿ ಮಾತ್ರ ಬಾವಿಯಿಂದ ಮೇಲೆ ಬರಲು ಒಪ್ಪಲಿಲ್ಲ. ಅವಳ ಕಥೆ ಶುರುವಾಗುವುದು ಅಲ್ಲಿಂದಲೇ.

ಡಿಗ್ರಿ ಓದಲು ಬಾಗಲಕೋಟೆಯ ನವನಗರಕ್ಕೆ ಬಂದಳು. ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಹೋಟೆಲ್ ನಡೆಸುವ ಅಹ್ಮದಸಾಬ ಪ್ರವಾಸಿಗರಿಗಾಗಿ ಒಂದು ಮೋಟಾರು ಬೋಟು ತಂದು, ಅದನ್ನು ಕಲಿಸಲು ಗೋವಾದಿಂದ ಒಬ್ಬ ತರಬೇತುದಾರನನ್ನು ಕರೆಸಿದ್ದರು. ಆತನ ಹತ್ತಿರ ಒಂದು ಅಗಲವಾದ ಹಲಗೆ ಇತ್ತು. ಹಲಗೆಗೆ ಎರಡು ಬೂಟು ಜೋಡಿಸಿರುತ್ತಾರೆ. ಅದನ್ನು ಕಾಲಿಗೆ ಬಿಗಿದುಕೊಂಡು ನೀರಿನಲ್ಲಿ ಕೂರಬೇಕು, ಬೋಟಿನ ಕಂಬಕ್ಕೆ ಕಟ್ಟಿದ ಎಪ್ಪತ್ತು ಅಡಿ ಹಗ್ಗದ ಹಿಡಿಕೆಯನ್ನು ಹಿಡಿಯಬೇಕು. ಬೋಟು ಎಳೆದಾಗ ಎದ್ದು ನಿಲ್ಲಬೇಕು. ಬೋಟಿನ ಹಿಂದೆ ಏಳುವ ತೆರೆಗೆ ಓರೆಯಾಗಿ ನುಗ್ಗಿ, ಅದರ ಮೇಲಿಂದ ಗಾಳಿಗೆ ಜಿಗಿಯಬೇಕು. ವೇಕ್‌ಬೋರ್ಡಿಂಗ್ ಎಂದು ಅದರ ಹೆಸರು. ನಮ್ಮಲ್ಲಿ ಎಲ್ಲರೂ ಹಲಿಗಿ ಆಟ ಅಂದರು. ಎರಡು ವರ್ಷ ಭಾಗ್ಯಜ್ಯೋತಿಗೆ ಅದನ್ನು ಕಲಿಸಿ ಗೋವಾದವನು ಊರಿಗೆ ಹೋದ. ಹಲಗೆ ಅವಳ ಪಾಲಿಗೆ ಬಂತು.

ಬೋಟು ನಡೆಸುವವನು ಯಮನೂರ ಕಾಕಾ. ಅದಕ್ಕೂ ಮೊದಲು ಹದಿನೈದು ವರ್ಷ ಕುಳಗೇರಿ ಕ್ರಾಸಿನಿಂದ ಟಂಟಂ ಆಟೋ ಹೊಡೆದವನು. ಗೋವಾದವನು ಬೋಟು ಹೊರಡಿಸಲು ‘ಹಿಟ್ ಇಟ್’ ಅನ್ನಬೇಕೆಂದು ಕಲಿಸಿದ್ದ. ಕಾಕಾ ಅದನ್ನು ಒಂದು ದಿನವೂ ಒಪ್ಪಲಿಲ್ಲ.

“ಹಿಟ್ಟು ಗಿಟ್ಟು ನನಗ ತಿಳಿಯಂಗಿಲ್ಲವ್ವಾ. ಕ್ರಾಸಿನ್ಯಾಗ ಮಂದಿ ಹತ್ತಿದ ಮ್ಯಾಲ ತಗಡು ಬಡದು ಬಿಡ್ರಿ ಅಂತಿದ್ರು, ನಾ ಬಿಡ್ತಿದ್ನಿ. ನೀನೂ ಹಂಗ ಅನ್ನು,” ಅಂದ.

ನಾವೂ ನಕ್ಕು ಒಪ್ಪಿಕೊಂಡೆವು. ಬೋಟಿನಲ್ಲಿ ಹಿಮ್ಮುಖವಾಗಿ ಕೂತು, ಹಲಗೆಯ ಮೇಲಿದ್ದವರನ್ನೇ ನೋಡುತ್ತಿರಲು ಒಬ್ಬರು ಬೇಕು. ಇಂಜಿನ್ನಿನ ಸದ್ದಿನಲ್ಲಿ ನಡೆಸುವವನಿಗೆ ಹಿಂದಿನ ಮಾತು ಕೇಳುವುದಿಲ್ಲ, ನೋಡುವವನೇ ಮುಟ್ಟಿಸಬೇಕು. ಆಗ ನಾನೂ ನವನಗರದ ಶಾಲೆಯಲ್ಲಿದ್ದೆ, ಶಾಲೆ ಶುರುವಾಗುವ ಮುಂಚೆ ಬಿಡುವು ಇರುತ್ತಿತ್ತು. ನೋಡುವವನು ನಾನಾದೆ.

ನಾಲ್ಕು ವರ್ಷ ಅವಳು ಬಿದ್ದದ್ದನ್ನೇ ನೋಡಿದೆ. ಮುಖ ಅಡಿಯಾಗಿ ಬಿದ್ದು ಮೂಗಿನಿಂದ ರಕ್ತ ಬಂದರೂ ಮತ್ತೆ ಹಿಡಿಕೆ ಹಿಡಿಯುವಳು. ನಾನು ಬೈಯುವೆ, ಅವಳು ಕಿವಿಯೊಳಗಿನ ನೀರು ಕೆಡವುತ್ತಾ “ಇನ್ನೊಂದ ಸಲ, ಸರ್” ಅನ್ನುವಳು. ಒಮ್ಮೆ ಒಬ್ಬ ಪತ್ರಿಕೆಯವನು ಬಂದಿದ್ದ. ಈ ನೀರಿನಡಿ ಮುಳುಗಿದ ಊರಿನ ನೆನಪೇ ನಿಮ್ಮನ್ನು ಇಲ್ಲಿಗೆ ಎಳೆಯುತ್ತದೆಯೇ ಎಂದು ಕೇಳಿದ. ಬರೆದುಕೊಂಡೇ ಬಂದಿದ್ದನೆಂದು ಕಾಣುತ್ತದೆ.

“ನಮ್ಮೂರು ಮುಳುಗಿಲ್ರಿ. ಬೇವೂರು ಇದ್ದಲ್ಲೇ ಐತಿ, ಬರ್ರಿ ತೋರಸ್ತೇನಿ,” ಅಂದಳು ಭಾಗ್ಯಜ್ಯೋತಿ.

ಆತ ಪೆಚ್ಚಾದ. ಹಾಗಾದರೆ ಇಷ್ಟು ಬಿದ್ದರೂ ಮತ್ತೆ ಯಾಕೆ ಬರುತ್ತೀರಿ ಎಂದ. ಅವಳು ಹೇಳಿದಳು.

“ಹಗ್ಗ ಎಳದಾಗ ಮದ್ಲ ತೋಳು ಕಿತ್ತು ಬಂದಂಗ ಆಕ್ಕೈತ್ರಿ. ಆಮ್ಯಾಲ ಒಮ್ಮಿಗಿಲೇ ನೀರು ಗಟ್ಟಿ ಆಕ್ಕೈತಿ. ನೀರಿನ ಮ್ಯಾಲ ನಿಂತೇನಿ ಅನ್ನೂದು ಕಾಲಿಗೆ ತಿಳದಿರ್ತೈತಿ, ತಲಿಗೆ ಇನ್ನಾ ತಿಳದಿರೂದಿಲ್ಲ. ಆ ಒಂದ ಗಳಿಗಿ ಸಲುವಾಗಿ ಬರ್ತೇನ್ರಿ. ಮನ್ಯಾಗ ಕುಂತ್ರೂ ಕಾಲು ಅದನ್ನ ಕೇಳ್ತಾವು.”

ಪತ್ರಿಕೆಯವನು ಅದನ್ನು ಬರೆಯಲಿಲ್ಲ. ಮುಳುಗಿದ ಊರಿನ ಬಗ್ಗೆಯೇ ಬರೆದ. ಆದರೆ ನನಗೆ ಆ ಮಾತು ಇಂದಿಗೂ ಹಾಗೆಯೇ ನೆನಪಿದೆ. ಮೂವತ್ತು ವರ್ಷ ಮಕ್ಕಳನ್ನು ಆಡಿಸಿದ್ದೇನೆ, ಆಟ ಅಂದರೆ ಏನೆಂದು ನನಗೆ ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಹೋದ ವರ್ಷ ನವೆಂಬರಿನಲ್ಲಿ ಮಧ್ಯಪ್ರದೇಶದ ಒಂದು ಕೆರೆಯಲ್ಲಿ ದೇಶದ ತಂಡಕ್ಕೆ ಆಯ್ಕೆ ಇತ್ತು. ಗೆದ್ದರೆ ಇದೇ ಅವಳ ಕೆಲಸವಾಗುತ್ತಿತ್ತು, ವರ್ಷವಿಡೀ ಬೇರೆ ಬೇರೆ ನೀರಿನ ಮೇಲೆ ಆಡುತ್ತ ಇರಬಹುದಿತ್ತು. ಇಪ್ಪತ್ತನಾಲ್ಕು ವರ್ಷದ ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ರೈಲಿಗೆ ಹನ್ನೆರಡು ದಿನ ಬಾಕಿ. ಆ ಮುಂಜಾನೆ ಹನಮವ್ವ ಬೇವೂರಿನಿಂದ ಬಂದು ಮಗಳ ಹಣೆಗೂ ಹಲಗೆಗೂ ಬೀರಪ್ಪನ ಭಂಡಾರ ಹಚ್ಚಿದ್ದಳು. ಹಲಗೆ ನೀರಿಗೆ ಬೀಳುತ್ತಲೇ ಅರಿಶಿನ ಕರಗಿ ಸುತ್ತ ಹಳದಿಯಾಯಿತು.

ಗಾಳಿ ಜಾಸ್ತಿ ಇತ್ತು. ಎರಡು ಸುತ್ತು ಚೆನ್ನಾಗಿ ಆಡಿದಳು, ಮೂರನೆಯದರಲ್ಲಿ ಬಿದ್ದಳು. ಬಿದ್ದವರ ಸುತ್ತ ಬೋಟು ತಿರುಗಿಸಿ ಹಗ್ಗವನ್ನು ಅವರ ಕೈಗೆ ಸಿಗುವಂತೆ ತರುವುದು ಪದ್ಧತಿ. ಕಾಕಾ ಹಾಗೇ ತಂದ. ಅವಳು ನೀರಿನಲ್ಲಿ ಕೂತಿದ್ದಳು, ಬಲಗೈ ಮೇಲಕ್ಕಿತ್ತು. ಸಡಿಲಾದ ಹಗ್ಗ ಎಡಗೈಯ ಕಂಕುಳಲ್ಲಿ ಸುತ್ತಿಕೊಂಡದ್ದು ನೀರಿನ ಕೆಳಗಿತ್ತು, ನನಗೆ ಕಾಣಲಿಲ್ಲ. ಅವಳು ಕೂಗಿದ್ದು “ಹಗ್ಗ ಬಿಡ್ರಿ” ಎಂದು. ಕಂಬದಿಂದ ಹಗ್ಗ ಬಿಚ್ಚಿ ಎಂದು ಅದರ ಅರ್ಥ. ಹಗ್ಗ ಅನ್ನುವುದನ್ನು ಗಾಳಿ ಒಯ್ದಿತು, ನನಗೆ ಕೇಳಿದ್ದು ಬಿಡ್ರಿ ಮಾತ್ರ.

“ಕಾಕಾ, ಬಿಡ್ರಂತ,” ಅಂದೆ ನಾನು.

ಕಾಕಾ ಬಿಟ್ಟ. ಹದಿನೈದು ವರ್ಷ ಆ ಮಾತಿಗೆ ಗಾಡಿ ಬಿಟ್ಟ ಮನುಷ್ಯ, ತಿರುಗಿ ನೋಡುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಹಗ್ಗ ಬಿಗಿಯಿತು. ಅವಳು ಏಳಲಿಲ್ಲ, ಎಡಗೈಗೆ ಸುತ್ತಿದ ಹಗ್ಗ ಅವಳನ್ನು ನೀರಿನ ಮೇಲೆ ಎಳೆದುಕೊಂಡು ಬಂತು. ನಾನು ಸೀಟಿ ಊದಿದೆ. ಯಾಕೆ ಊದಿದೆನೋ, ಅದು ಕೊರಳಲ್ಲಿತ್ತು. ಕಾಕಾ ಇಂಜಿನ್ ನಿಲ್ಲಿಸುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು.

ದವಾಖಾನೆಯಲ್ಲಿ ಡಾಕ್ಟರು ಒಳ್ಳೆಯ ಮಾತಿನವರು. ಭುಜದ ನರ ಜಗ್ಗಿವೆ, ಕೈಯ ಶಕ್ತಿ ಸ್ವಲ್ಪ ಮರಳಿ ಬರಬಹುದು, ಎಷ್ಟು ಅನ್ನುವುದನ್ನು ಯಾರೂ ಹೇಳಲಾರರು ಅಂದರು. ಯಾರ ಮೇಲಾದರೂ ಸಿಟ್ಟು ಮಾಡಬೇಕೆಂದು ನಾನು ಹುಡುಕಿದೆ. ಗಾಳಿಯ ಮೇಲೆ ಮಾಡಲಾಗಲಿಲ್ಲ. ನಿಲ್ಲಿಸಲು ಕೈಯನ್ನು ಕುತ್ತಿಗೆಗೆ ಅಡ್ಡ ಆಡಿಸಬೇಕೆಂದು ಗೋವಾದವನು ಕಲಿಸಿದ್ದನಲ್ಲ, ಯಾಕೆ ಮಾಡಲಿಲ್ಲ ಎಂದು ಅವಳ ಮೇಲೆಯೇ ರೇಗಿದೆ. ಹಾಸಿಗೆಯ ಮೇಲಿದ್ದ ಹುಡುಗಿಯ ಮೇಲೆ.

“ಬಿಡ್ರಿ ಅಂದ್ರ ನಿಮಗ ತಿಳೀತೈತಿ ಅನಕೊಂಡ್ನಿ, ಸರ್,” ಅಂದಳು.

ಹೊರಗೆ ಬಂದರೆ ಹನಮವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ಹೋಗ್ಲಿ ಬಿಡ್ರಿ ಮಾಸ್ತರ. ನೀವರ ಏನ್ ಮಾಡ್ತೀರಿ,” ಅಂದಳು. ಅದೇ ಮಾತು. ಅಲ್ಲಿ ನಿಲ್ಲಲಾಗದೆ ಚಹಾ ತರುವ ನೆವ ಹೇಳಿ ಹೋದೆ.

ಯಮನೂರ ಕಾಕಾ ಮೂರು ತಿಂಗಳು ಬೋಟು ಮುಟ್ಟಲಿಲ್ಲ. “ನಾ ಕಿವೀಲೆ ಗಾಡಿ ಹೊಡದ್ನಿ ಮಾಸ್ತರ, ಕಣ್ಣೀಲೆ ಹೊಡೀಬೇಕಿತ್ತು,” ಅಂದ. ನೋಡುವ ಕೆಲಸ ಅವನದಾಗಿರಲಿಲ್ಲ, ನನ್ನದಾಗಿತ್ತು. ಹಾಗೆಂದು ಹೇಳಿದರೂ ಅವನು ಕೇಳಲಿಲ್ಲ.

ಆಯ್ಕೆಯ ದಿನ ಬಂದು ಹೋಯಿತು. ಭಾಗ್ಯಜ್ಯೋತಿ ಬೇವೂರಿಗೆ ಮರಳಿದಳು. ರಬ್ಬರ್ ಚೆಂಡು ಹಿಸುಕಬೇಕೆಂದು ದವಾಖಾನೆಯವರು ಹೇಳಿದ್ದರು, ಹನಮವ್ವ ಜೋಳದ ಹಿಟ್ಟು ಮುಂದಿಟ್ಟು ನಾದು ಅಂದಳು. ಪ್ರತಿ ಭಾನುವಾರ ಹೋಗುತ್ತಿದ್ದೆ. ಬೆರಳು ನಿಧಾನವಾಗಿ ಅಲುಗತೊಡಗಿದವು. ನಂತರ ಮಡಚತೊಡಗಿದವು. ನಾನು ಮನಸ್ಸಿನಲ್ಲೇ ಮುಂದಿನ ವರ್ಷದ ಆಯ್ಕೆಯ ಲೆಕ್ಕ ಹಾಕತೊಡಗಿದೆ. ಆದರೆ ನೀರಿನ ತಂಬಿಗೆ ಕೊಟ್ಟರೆ ಆ ಕೈ ಹಿಡಿಯುತ್ತಿರಲಿಲ್ಲ. ತಂಬಿಗೆ ಬಿದ್ದಾಗಲೆಲ್ಲ ಅವಳು ಅಂಗಳದತ್ತ ನೋಡುವಳು, ನಾನು ಕುರಿಗಳ ಬಗ್ಗೆ ಏನಾದರೂ ಕೇಳುವೆ.

ಈ ಸೆಪ್ಟೆಂಬರಿನಲ್ಲಿ ಹಿನ್ನೀರು ತುಂಬಿ ನಿಂತಾಗ ಅವಳೇ ಫೋನ್ ಮಾಡಿದಳು. “ಒಂದ ಸಲ ನೋಡ್ತೇನಿ, ಸರ್. ಕಾಲು ಬಿಡವಲ್ವು.” ಬೇಡ ಅನ್ನಬೇಕಿತ್ತು. ಅನ್ನಲಾಗಲಿಲ್ಲ.

ಕಾಕಾನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಕೊನೆಗೆ ಒಂದು ಕರಾರಿನ ಮೇಲೆ ಬಂದ. ಬೋಟು ಹೊರಡಿಸಲು ಇನ್ನು ಮೇಲೆ ‘ಚಾಲೂ’ ಅನ್ನಬೇಕು, ಬೇರೆ ಯಾವ ಮಾತಿಗೂ ಅವನು ಕೈ ಆಡಿಸುವುದಿಲ್ಲ. ದಡದ ಮೇಲೆ ನಮ್ಮಿಬ್ಬರಿಂದಲೂ ಮೂರು ಸಲ ಅನ್ನಿಸಿದ. ಹನಮವ್ವ ಮತ್ತೆ ಭಂಡಾರ ಹಚ್ಚಿದಳು. ಭಾಗ್ಯಜ್ಯೋತಿ ಹಲಗೆ ಬಿಗಿದುಕೊಂಡು ನೀರಿಗಿಳಿದಳು, ಮೊಣಕಾಲು ಎದೆಗೆ ತಂದು ಮೊದಲಿನಂತೆಯೇ ಕೂತಳು. ಹಗ್ಗದ ಉದ್ದಕ್ಕೂ ಕಣ್ಣಾಡಿಸಿದೆ, ಎಲ್ಲೂ ಸುತ್ತಿರಲಿಲ್ಲ. ಇಂಜಿನ್ ಸಣ್ಣಗೆ ನಡೆಯುತ್ತಿತ್ತು.

ಬಲಗೈ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಿತು. ಎಡಗೈಯನ್ನು ಮೇಲೆ ತಂದಳು. ಬೆರಳು ಮಡಚಿದವು, ಹಿಡಿಕೆ ಸ್ವಲ್ಪ ಜಗ್ಗಿದ್ದೇ ತಡ ಜಾರಿದವು. ಬಲಗೈಯಿಂದ ಒಂದೊಂದೇ ಬೆರಳನ್ನು ಎತ್ತಿ ಹಿಡಿಕೆಯ ಸುತ್ತ ಕೂರಿಸಿದಳು. ಬಲಗೈಯನ್ನು ತನ್ನ ಜಾಗಕ್ಕೆ ಒಯ್ಯುತ್ತಲೇ ಅವು ಮತ್ತೆ ಕಳಚಿದವು. ಇನ್ನೊಮ್ಮೆ ಕೂರಿಸಿದಳು, ಹಲ್ಲು ಕಚ್ಚಿ. ಬೋಟು ಇದ್ದಲ್ಲೇ ಇತ್ತು, ಎಳೆದಿರಲೂ ಇಲ್ಲ. ಬರೀ ಗಾಳಿಗೆ ಹಗ್ಗ ತೂಗಿದ್ದಕ್ಕೇ ಆ ಕೈ ಸೋತಿತು. ನೋಡುವ ಕೆಲಸ ನನ್ನದು, ಎಲ್ಲವನ್ನೂ ನೋಡಿದೆ. ಕಣ್ಣು ತೆಗೆಯಲು ನನಗೆ ಈ ಸಲ ಹಕ್ಕಿರಲಿಲ್ಲ.

ನಾಲ್ಕನೆಯ ಸಲ ಅವಳು ಬೆರಳು ಕೂರಿಸಲಿಲ್ಲ. ಹಿಡಿಕೆಯನ್ನು ನೀರಿನ ಮೇಲೆ ತೇಲಬಿಟ್ಟು ನನ್ನನ್ನು ನೋಡಿದಳು. ಚಾಲೂ ಅನ್ನುತ್ತಾಳೆಂದು ನಾನು ಇನ್ನೂ ಕಾಯುತ್ತಿದ್ದೆ. ಖರೇನ ಕಾಯುತ್ತಿದ್ದೆ.

“ಬಿಡ್ರಿ, ಸರ್,” ಅಂದಳು.

ಕಾಕಾ ಮುಂದೆಯೇ ನೋಡುತ್ತ ಕೇಳಿದ, “ಏನಂತಾಳ ಮಾಸ್ತರ?”

ಮುಟ್ಟಿಸುವ ಕೆಲಸವೂ ನನ್ನದೇ. “ಬಿಡ್ರಂತ,” ಅಂದೆ.

ಅವನು ಒಂದು ಸಲ ಹಿಂತಿರುಗಿ ಅವಳನ್ನು ನೋಡಿದ, ಆಮೇಲೆ ಇಂಜಿನ್ ಬಂದ್ ಮಾಡಿದ. ಈ ಸಲ ನಮ್ಮಲ್ಲಿ ಯಾರೂ ಅದನ್ನು ತಪ್ಪು ತಿಳಿಯಲಿಲ್ಲ.