ಆಲಿವ್ ಗಿಡದ ಬುಡಕ್ಕೆ ಕೆರೆಗೋಡು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು. ಈಗ ಬೇರೆ ಕೆಲಸ ಉಳಿದಿಲ್ಲ.

ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಬೂದಿಗೆರೆ ಸುತ್ತಮುತ್ತ ವಿಲ್ಲಾಗಳೆದ್ದವು. ನಾನು ಅಲ್ಲಿ ತೋಟದ ಕೆಲಸದ ಮೇಸ್ತ್ರಿ. ಒಬ್ಬ ಮಾಲೀಕರು ಇಟಲಿಗೆ ಹೋಗಿ ಬಂದು ಬಿಳಿ ಗೋಡೆ, ಕೆಂಪು ಹೆಂಚಿನ ಮನೆ ಕಟ್ಟಿಸಿದ್ದರು. ತೋಟವೂ ಅಲ್ಲಿಯಂಥದ್ದೇ ಬೇಕೆಂದರು. ನಕ್ಷೆ ಮಾಡಲು ಬಂದವಳು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯ ಹುಡುಗಿ. ಅದು ಅವಳ ಮೊದಲ ಸ್ವಂತ ಕೆಲಸ.

ಒಡೆಸಲೆಂದು ನಾನು ಬಂಡೆಗೆ ಹಾಕಿದ್ದ ಸುಣ್ಣದ ಗುರುತನ್ನು ಅವಳು ಬಂದವಳೇ ಅಳಿಸಿದಳು.

"ಈ ಬಂಡೆ, ಈ ಇಳಿಜಾರು ಹಂಗೇ ಇರ್ಲಿ ಅಣ್ಣ. ಬಿಳಿ ಗೋಡೆ ಮುಂದೆ ಬೂದಿ ಬಣ್ಣದ ಎಲೆ, ಕೆಳಗೆ ಜಲ್ಲಿ. ಆಲಿವ್ ಬುಡದಲ್ಲಿ ನೀರು ನಿಲ್ಬಾರ್ದು. ಗೊಬ್ಬರ, ಕೆರೆಗೋಡು ಏನೂ ಹಾಕ್ಬೇಡಿ."

"ಅನ್ನ ಹಾಕ್ದೆ ಮಗು ಸಾಕ್ತೀಯೇನವ್ವ?"

"ಈ ಮಗೂಗೆ ಅಜೀರ್ಣ ಜಾಸ್ತಿ ಅಣ್ಣ."

ಆಳುಗಳು ನಕ್ಕರು. ನನಗೆ ನಗು ಬರಲಿಲ್ಲ.

ಕೆರೆಗೋಡು ಅಂದರೆ ಕೆರೆಯ ಹೂಳು; ಅದನ್ನು ಹಾಕದೆ ಗಿಡ ನೆಟ್ಟರೆ ನಮ್ಮ ಕಡೆ ಅದು ಗಿಡಕ್ಕೆ ಮಾಡುವ ಅವಮಾನ. ಅವಳು ಬಾರದ ದಿನ ನೋಡಿಕೊಂಡು ಟ್ರ್ಯಾಕ್ಟರಿನಲ್ಲಿ ಕೆರೆಗೋಡು ತರಿಸಿ, ಗುಂಡಿಗೆ ತುಂಬಿಸಿ, ಗಿಡ ನಿಲ್ಲಿಸಿ, ಮೇಲೆ ಜಲ್ಲಿ ಹರಡಿಸಿದೆ. ಗಿಡದ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಗುಂಡಿಗಳಲ್ಲಿ ನೀರು ನಿಂತು ಬೇರು ಕೊಳೆಯಿತು. ಒಂದು ಗಿಡವೂ ಉಳಿಯಲಿಲ್ಲ.

"ಯಾಕ್ರೀ ಹಿಂಗಾಯ್ತು?" ಎಂದರು ಮಾಲೀಕರು.

"ಮೇಡಂ ಪ್ಲಾನು ಸಾರ್. ಜಲ್ಲೀಲಿ ಗಿಡ ಬರುತ್ತಾ?"

ಪಕ್ಕದಲ್ಲೇ ಇದ್ದ ಅವಳು ಕುಕ್ಕರಗಾಲಲ್ಲಿ ಕೂತು ಜಲ್ಲಿ ಸರಿಸಿ ಒಂದು ಹಿಡಿ ಕಪ್ಪು ಮಣ್ಣು ತೆಗೆದಳು.

"ಅಣ್ಣ, ಗೋಡು ಹಾಕ್ಸಿದ್ರಾ?"

"ಇಲ್ಲಮ್ಮ" ಎಂದೆ. ಗೋಡು ಅವಳ ಕೈಯಲ್ಲೇ ಇತ್ತು.

ಯಾವುದು ಕೆರೆಗೋಡು, ಯಾವುದು ಅಲ್ಲಿಯ ಮಣ್ಣು ಎಂಬುದು ಮಾಲೀಕರಿಗೆ ತಿಳಿಯದು. ಅವರು ಅವಳ ವಯಸ್ಸು ನೋಡಿದರು, ನನ್ನ ನರೆತ ಮೀಸೆ ನೋಡಿದರು. ಅವಳನ್ನು ಕೆಲಸದಿಂದ ಬಿಡಿಸಿದರು. ಅಕ್ಕಪಕ್ಕದ ವಿಲ್ಲಾದವರೂ ಅವಳನ್ನು ಕರೆಯಲಿಲ್ಲ. ಕೆಲಸವೆಲ್ಲ ನನಗೆ ಬಂತು. ಬಂಡೆ ಒಡೆಸಿ ಹುಲ್ಲುಹಾಸು ಮಾಡಿದೆ. ಅದು ಇಟಲಿಯಂತೇನೂ ಕಾಣಲಿಲ್ಲ. ಮಾಲೀಕರಿಗೆ ಇಷ್ಟವಾಯಿತು.

ಕೆಲವು ವರ್ಷ ಕಳೆದು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಎಂದಳು. "ಚೆನ್ನಾಗಿದ್ದೀರಾ ಅಣ್ಣ?" ಎಂದು ಅವಳೇ ಕೇಳಿದಳು. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು.

"ಬಸ್ಸು ಲೇಟಾ?" ಎಂದು ಕೇಳಿದೆ.

ಲೇಟೇ ಆಗಿತ್ತು. ಬರುವವರೆಗೂ ಪಕ್ಕದಲ್ಲೇ ನಿಂತಿದ್ದೆ, ಸಮಯ ಬೇಕಾದಷ್ಟಿತ್ತು. ತಪ್ಪಾಯಿತು ಎಂದು ಆ ನೇಯ್ಗೆಯವರ ಮನೆಯ ಹುಡುಗಿಗೆ ನಾನು ಹೇಳಲೇ ಇಲ್ಲ.