ಅಣ್ಣ ಕಳಿಸಿದ ಮಾತ್ರೆಗಳು

ಸುರಪುರಕ್ಕೆ ಬಂದಿಳಿದ ದಿನವೇ ಮನೆಯೊಡತಿ ನಾಗಮ್ಮ ನನ್ನ ಚೀಲದೊಳಗಿನ ಡಬ್ಬಿ ನೋಡಿ ಓಣಿಗೆಲ್ಲ ಕೇಳುವಂತೆ ಕೇಳಿದರು: "ಅಕ್ಕೋರೆ, ಗುಳಿಗಿ ಏನ್ರಿ ಅವು? ಏನ್ ಜಡ್ಡು ಅದ ನಿಮಗ?"

ಗುಳಿಗಿ ಎಂದರೆ ಮಾತ್ರೆ, ಜಡ್ಡು ಎಂದರೆ ಕಾಯಿಲೆ. ಅಕ್ಕೋರು ಎಂದರೆ ಟೀಚರು, ಅಂದರೆ ನಾನು. ನಮ್ಮೂರಿನವರು ಕೋಪಿಸಿಕೊಳ್ಳಬೇಡಿ, ನಮ್ಮ ಕೊಳ್ಳೇಗಾಲದಲ್ಲಿ ಇಂಥದ್ದನ್ನು ಮುಖಕ್ಕೆ ಕೇಳುವವರಿಲ್ಲ. ಬೆನ್ನ ಹಿಂದೆ ಕೇಳುತ್ತಾರೆ. "ವಿಟಮಿನ್ನು" ಎಂದು ಸುಳ್ಳು ಹೇಳಿ ಒಳಗೆ ಹೋದೆ.

ನನಗಿರುವುದು ಬೈಪೋಲಾರ್ ಕಾಯಿಲೆ. ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಆಮೇಲೆ ಹಾಸಿಗೆಯಿಂದ ಏಳಲಾಗದಷ್ಟು ಕುಸಿಯುತ್ತದೆ. ಬಿ.ಎಡ್. ಓದುವಾಗ ಹಾಗಾಗಿ, ಮೈಸೂರಿನ ವೈದ್ಯರು ಕೊಟ್ಟ ಮಾತ್ರೆಯ ಬಲದಿಂದಲೇ ಪರೀಕ್ಷೆ ಬರೆದೆ, ಸರ್ಕಾರಿ ಶಾಲೆಯ ಕೆಲಸ ಹಿಡಿದೆ. ಮಾತ್ರೆ ತರುವುದು ಅಣ್ಣನ ಜವಾಬ್ದಾರಿ. ಇಲ್ಲಿಗೆ ಹೊರಟಾಗ, "ಹೆಸರಿರೋ ಹಾಳೆ ಯಾರಾದ್ರೂ ನೋಡ್ಬುಟ್ರೆ ಕಷ್ಟ ಕನವ್ವ" ಎಂದು ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ತುಂಬಿಕೊಟ್ಟ. ಬಣ್ಣ ಬೇರೆ ಇದೆಯಲ್ಲ ಎಂದಾಗ, "ಕಂಪ್ನಿ ಬೇರೇದು, ಮಾತ್ರೆ ಅದೇಯ" ಎಂದ. ಮುಗಿದಂತೆಲ್ಲ ಕಳಿಸುತ್ತಲೂ ಇದ್ದ. ಅಣ್ಣನನ್ನು ನಂಬದೆ ಇನ್ಯಾರನ್ನು ನಂಬಲಿ?

ಸುರಪುರ ಹಿಡಿಸಿತು. ಮುದ್ದೆ ನುಂಗಿ ರೂಢಿಯಾದ ನಾನು ಜೋಳದ ರೊಟ್ಟಿ ಅಗಿಯಲು ಕಲಿತೆ. ಹುಳಿ ಸೊಪ್ಪಿನ ಪುಂಡಿಪಲ್ಯ ಇಲ್ಲದೆ ಊಟ ಸೇರದಂತಾಯಿತು. "ಬಂದಾನ, ಹೋಗ್ಯಾಳ" ಎಂದು ನಾನೂ ಮಾತಾಡಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಮಾತು ಹೆಚ್ಚಾಯಿತು, ನಿದ್ದೆ ಕಡಿಮೆಯಾಯಿತು; ಇಡೀ ಶಾಲೆಗೆ ನಾನೊಬ್ಬಳೇ ಬಣ್ಣ ಬಳಿಯುತ್ತೇನೆಂದು ಹೊರಟೆ. ಎಲ್ಲರೂ ಹೊಗಳಿದರು. ಹೊಸ ಊರಿನ ಹುರುಪು ಎಂದುಕೊಂಡೆ.

ಆಮೇಲೆ ಬಿದ್ದೆ. ತಲೆ ಬಾಚಲೂ ಕೈ ಏಳಲಿಲ್ಲ. ನಾಗಮ್ಮ ಇಟ್ಟುಹೋದ ರೊಟ್ಟಿ ಬಾಗಿಲಲ್ಲೇ ಒಣಗಿತು. ಬದುಕಿರುವುದೇ ಬೇಡ ಅನ್ನಿಸಿತು. ಆಗಲೂ ಡಬ್ಬಿಯ ಮಾತ್ರೆ ತಪ್ಪಿಸಲಿಲ್ಲ.

ನಾಗಮ್ಮ ಬಂದು ಪಕ್ಕದಲ್ಲಿ ಕುಳಿತರು. "ಸೊರಗಿ ಹೋಗೀರಿ. ಖರೇ ಹೇಳ್ರಿ, ಏನಾಗ್ಯಾದ?"

ಹೇಳಿದೆ.

"ಜಡ್ಡು ಅಂದ ಮ್ಯಾಲ ದವಾಖಾನಿಗಿ ಹೋಗಬೇಕಿಲ್ಲೋ? ಅದಕ್ಯಾಕ ನಾಚಿಕಿ? ಏಳ್ರಿ, ನಾ ಬರ್ತೀನಿ."

ಶಹಾಪುರ ದಾಟಿ ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ನನ್ನ ತಲೆ ಅವರ ಹೆಗಲ ಮೇಲಿತ್ತು. ಮನೋವೈದ್ಯರು ಕುಸಿದ ದಿನಗಳ ಜೊತೆಗೆ ಹುರುಪಿನ ದಿನಗಳ ಬಗ್ಗೆಯೂ ಕೇಳಿದರು. ಅದನ್ನು ಹೇಳದಿದ್ದರೆ ಚಿಕಿತ್ಸೆಯೇ ದಾರಿ ತಪ್ಪುತ್ತದಂತೆ. ಕೊನೆಗೆ ಡಬ್ಬಿಯ ಮಾತ್ರೆಯನ್ನು ತಿರುಗಿಸಿ ನೋಡಿ ಮೂಸಿದರು. "ಇವು ಬರೇ ವಿಟಮಿನ್ ಗುಳಿಗಿ ಅವರೀ. ನಿಮ್ಮ ಔಷಧ ಯಾರು ನಿಲ್ಲಿಸಿದ್ರು?"

ನಾಗಮ್ಮನಿಗೆ ನಾನು ಹೇಳಿದ್ದ ಸುಳ್ಳು ನಿಜವೇ ಆಗಿತ್ತು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಅವನು ತಡವರಿಸಲೂ ಇಲ್ಲ.

"ನೀನು ಅಲ್ಲಿಗೆ ಹೊರಡಕ್ಕೆ ಮುಂಚೆ ಗಂಡಿನ ಕಡೆಯೋರು ಬಂದಿದ್ರು ಕನವ್ವ. ಹುಡುಗಿ ಮಾತ್ರೆಗೀತ್ರೆ ತಗತಾಳಾ ಅಂತ ಕೇಳುದ್ರು. ಸುಳ್ಳು ಹೇಳಕ್ಕಾದದಾ? ಅದ್ಕೇ ನಿಲ್ಲುಸ್ಬುಟ್ಟು, ಇಲ್ಲ ಅಂದೆ."

ತನ್ನ ಮಾತು ಸುಳ್ಳಾಗಬಾರದೆಂದು ನನ್ನ ಜೀವವನ್ನೇ ಪಣಕ್ಕಿಟ್ಟಿದ್ದ. ಈ ಕಾಯಿಲೆ ಏನೆಂದು ಗೊತ್ತಿಲ್ಲದವನು ಮಾಡಿದ್ದರೆ ಹೇಗೋ ಸಹಿಸುತ್ತಿದ್ದೆ. ಹಿಂದೆ ನಾನು ಹಾಸಿಗೆ ಹಿಡಿದಾಗ ಬಾಯಿಗೆ ಗಂಜಿ ಹಾಕಿದವನೇ ಅವನು.

ಈಗ ಔಷಧ ನಾನೇ ಕೊಳ್ಳುತ್ತೇನೆ, ವೈದ್ಯರು ಹೇಳಿದಾಗ ರಕ್ತಪರೀಕ್ಷೆಗೂ ಹೋಗುತ್ತೇನೆ. ಚೇತರಿಕೆ ನಿಧಾನ, ಆದರೂ ಪಾಠ ಮಾಡುತ್ತಿದ್ದೇನೆ. ಎಷ್ಟೇ ಚೆನ್ನಾಗಿದ್ದೇನೆ ಅನ್ನಿಸಿದರೂ ಅವರನ್ನು ಕೇಳದೆ ಮಾತ್ರೆ ಬಿಡುವುದಿಲ್ಲ. ಗಂಡಿನ ಮನೆಯವರಿಗೆ ನಾನೇ ಕಾಯಿಲೆಯ ಹೆಸರು ಹೇಳಿದೆ. ಅವರು ಮತ್ತೆ ಬರಲಿಲ್ಲ.

ಈ ಓಣಿಗೆ ನಾನಿನ್ನೂ "ಮೈಸೂರು ಕಡಿ ಅಕ್ಕೋರು". ಊರಿನಿಂದ ಅವ್ವ ಕರೆಯುತ್ತಿದ್ದಾಳೆ: ರಜಕ್ಕೆ ಬಾ, ಬಸ್‌ಸ್ಟ್ಯಾಂಡಿಗೆ ಅಣ್ಣನೇ ಬರುತ್ತಾನೆ. ಹೋಗುತ್ತೇನೆ. ಅವ್ವನ ಬಸ್ಸಾರಿಗೆ ನಾಲಿಗೆ ಹಾತೊರೆಯುತ್ತಿದೆ, ಅಣ್ಣನ ಮುಖವನ್ನೂ ನೋಡಬೇಕನ್ನಿಸುತ್ತದೆ. ಆದರೆ ಜ್ವರ ಬಂದು ಮಲಗಿದರೂ ಅವನ ಕೈಯಿಂದ ಒಂದು ಮಾತ್ರೆ ಇಸಿದುಕೊಂಡು ನಾನಿನ್ನು ನುಂಗಲಾರೆ.