ಹೀಟ್ ಪಂಪಿಗೆ ಹಿಂಡಲಿಕಾಯಿ

ನಮ್ಮ ಹಿತ್ತಲಲ್ಲಿ ನಿಂತಿರುವ ಒಂದು ಯಂತ್ರದ ಮೇಲೆ ನನಗೆ ಸಣ್ಣದೊಂದು ಸಿಟ್ಟಿದೆ. ಅದು ಕೆಟ್ಟು ಕೂತದ್ದಿಲ್ಲ, ಶಾಕ್ ಹೊಡೆದದ್ದಿಲ್ಲ, ಕರೆಂಟು ತಿನ್ನುವುದೂ ಕಡಿಮೆಯೇ. ನಲ್ಲಿ ತಿರುಗಿಸಿದರೆ ಬಿಸಿನೀರು ಕೊಡುತ್ತದೆ, ತಿರುಗಿಸದಿದ್ದರೆ ತನ್ನ ಪಾಡಿಗೆ ತಾನಿರುತ್ತದೆ. ಇಷ್ಟು ಒಳ್ಳೆಯದರ ಮೇಲೆ ಸಿಟ್ಟಾಗುವುದು ಹೇಗೆ ಎಂದು ನೀವು ಕೇಳಬಹುದು. ಏನೂ ತಪ್ಪು ಮಾಡದ ಸೊಸೆಯ ಮೇಲೆ ಅತ್ತೆಗೆ ಬರುತ್ತದಲ್ಲ, ಅದೇ ಜಾತಿಯ ಸಿಟ್ಟು. ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ, ನುಂಗಿಕೊಳ್ಳುವಂತೆಯೂ ಇಲ್ಲ.

ಹೀಟ್ ಪಂಪ್ ಎಂದು ಅದರ ಹೆಸರು. ನಮ್ಮ ಕಡೆ ಪಂಪ್ ಎಂದರೆ ಬೋರಿನೊಳಗೆ ಇಳಿಬಿಡುವ ಮೋಟರು. ಆದ್ದರಿಂದ ನಮ್ಮ ಮನೆಯವರು ಪೇಪರು ಮಡಚಿಟ್ಟು, "ಕಸ್ತೂರಿ, ಒಂದು ಹೀಟ್ ಪಂಪ್ ಕೂಡಿಸೂಣು" ಎಂದಾಗ, ಅಥಣಿ ರಸ್ತೆಯ ಈ ಬಡಾವಣೆಯಲ್ಲಿ ನೆಲದೊಳಗೆ ನೀರಿನ ಜೊತೆ ಬೆಂಕಿಯೂ ಸಿಕ್ಕಿತೇನೋ ಎಂದು ನಾನು ಗಾಬರಿಯಾದೆ. ಅವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಅವರ ಪಾಲಿಗೆ ಉಳಿದ ವಿದ್ಯಾರ್ಥಿನಿ ನಾನೊಬ್ಬಳೇ. ಚಳಿಯ ದೇಶಗಳಲ್ಲಿ ಈಗ ಇದರಿಂದ ಇಡೀ ಮನೆಯನ್ನೇ ಬೆಚ್ಚಗಿಡುತ್ತಾರೆ, ಒಲೆಯಿಲ್ಲ ಹೊಗೆಯಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಹೀರಿ ಒಳಗೆ ತರುತ್ತದೆ ಎಂದು ಅವರು ವಿವರಿಸಿದರು. ವಿಜಯಪುರದಲ್ಲಿ ಮನೆ ಬೆಚ್ಚಗೆ ಮಾಡಲು ಯಂತ್ರ ತರುತ್ತೇನೆಂದು ಏಪ್ರಿಲ್ ತಿಂಗಳಲ್ಲಿ ಹೇಳಿದ ಗಂಡನನ್ನು ಹೆಂಡತಿ ಹೇಗೆ ನೋಡಬೇಕೋ ಹಾಗೆಯೇ ನೋಡಿದೆ. "ಮನಿಗಲ್ಲ ಮಾರಾಯ್ತಿ, ನೀರಿಗೆ" ಎಂದರು.

ನಾನೂ ಭೂಗೋಳ ಕಲಿಸಿದವಳು, ಇಷ್ಟು ಗೊತ್ತಾಗದೆ ಇರಲಿಲ್ಲ. ಹಿಂದೆ ಬಾವಿಯಿಂದ ಮೊಟ್ಟೆ, ಅಂದರೆ ನೀರಿನ ತೊಗಲುಚೀಲ, ಎಳೆಯುತ್ತಿದ್ದ ಎತ್ತುಗಳು ನೀರನ್ನು ಹುಟ್ಟಿಸುತ್ತಿರಲಿಲ್ಲ, ಕೆಳಗಿದ್ದದ್ದನ್ನು ಮೇಲೆ ತರುತ್ತಿದ್ದವು. ಇದೂ ಅಷ್ಟೇ. ಬಿಸಿಯನ್ನು ಹುಟ್ಟಿಸುವುದಿಲ್ಲ, ಗಾಳಿಯಲ್ಲಿ ಚೆಲ್ಲಾಡಿಕೊಂಡಿರುವುದನ್ನು ಬಳಿದು ತಂದು ನೀರಿಗೆ ಕೊಡುತ್ತದೆ. ಸುಲ್ತಾನರ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ಆ ಊರಿನವರಾದ ನಮಗೆ ಇದ್ದಲ್ಲಿಂದ ಇಲ್ಲದಲ್ಲಿಗೆ ಒಯ್ಯುವ ವಿದ್ಯೆ ಹೊಸದೇನಲ್ಲ. ಮತ್ತೆ, ಬಿಸಿಗೆ ನಮ್ಮಲ್ಲೇನು ಬರಗಾಲವೆ? ಚೈತ್ರ, ವೈಶಾಖದಲ್ಲಿ ಬೇಕಾದಷ್ಟು ಹೀರಿಕೊಂಡು ಹೋಗಲಿ, ಪುಣ್ಯ ಬರುತ್ತದೆ.

ಯಂತ್ರ ಬಂತು. ಆಳೆತ್ತರದ ಬಿಳಿಯ ಟಾಕಿ, ಅದರ ಪಕ್ಕಕ್ಕೆ ಫ್ಯಾನಿನ ಡಬ್ಬಿ. ಅದು ಬಿಸಿಯನ್ನೆಲ್ಲ ನೀರಿಗೆ ಕೊಟ್ಟು, ಬಸಿದು ಉಳಿದ ತಣ್ಣನೆಯ ಗಾಳಿಯನ್ನು ಹೊರಗೆ ಊದುತ್ತದೆ. ಬೇಸಿಗೆಯಲ್ಲಿ ನಾನು ಅದರ ಮುಂದೆ ಚಾಪೆ ಹಾಸಿಕೊಂಡು ಬದನೆಕಾಯಿ ಹೆಚ್ಚಿದ್ದೂ ಉಂಟು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಟೀಚರ, ನೀರ ಕಾಸೂ ಮಷಿನ್ ಮುಂದ ಕುಂತು ತಂಪ ಮಾಡ್ಕೊಳ್ಳಾಕತ್ತೀರಲ್ರಿ!" ಎಂದು ನಕ್ಕಳು. ಆಗ ನಾನೂ ನಕ್ಕೆ. ಆದರೆ ನನ್ನ ಸಿಟ್ಟಿನ ಬೇರು ಅಲ್ಲೇ ಇತ್ತು ಎನ್ನುವುದು ಚಳಿ ಬಿದ್ದ ಮೇಲೆ ತಿಳಿಯಿತು. ನಮಗೂ ಚಳಿಗಾಲ ಅಂತ ಒಂದಿದೆ. ಸಂಕ್ರಾಂತಿಗೆ ಮುಂಚಿನ ನಸುಕಿನಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಆ ಹೊತ್ತಿನಲ್ಲಿ ನೀರು ಕಾಯಿಸುತ್ತ ಮನುಷ್ಯರ ಮೇಲೆ ತಣ್ಣಗೆ ಊದುವ ವಸ್ತುವನ್ನು ನಾನು ಮೊದಲ ಸಲ ನೋಡಿದೆ.

ಏಕೆಂದರೆ ನಾನು ಬಂಬಿನ ಮನೆಗೆ ಸೊಸೆಯಾಗಿ ಬಂದವಳು. ಬಂಬು ಎಂದರೆ ತಾಮ್ರದ ದೊಡ್ಡ ಕೊಳವೆಯಂಥ ಪಾತ್ರೆ. ನಡುವೆ ಕೆಂಡ, ಸುತ್ತಲೂ ನೀರು. ಮೇಲಿನಿಂದ ಒಂದು ತಂಬಿಗೆ ತಣ್ಣೀರು ಸುರಿದರೆ ಪಕ್ಕದ ಮೂತಿಯಿಂದ ಒಂದು ತಂಬಿಗೆ ಬಿಸಿನೀರು ಬರುತ್ತದೆ. ಸುರಿಯದಿದ್ದರೆ ಬರುವುದಿಲ್ಲ. ಹೀಗಾಗಿ ಮೊದಲು ಮಿಂದವರು ಹಿಂದಿನವರಿಗೆ ನೀರು ತುಂಬಿಸಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಇಬ್ರಾಹಿಂಪುರದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ, ರೈಲು ಹೋದರೆ ನಡುಗುವ ಗೋಡೆಯ ಪಕ್ಕ, ಆ ಬಂಬು ನಿಂತಿತ್ತು. ಮೊದಲು ಗಂಡಸರು, ಆಮೇಲೆ ಹುಡುಗರು, ಕಡೆಗೆ ನಾವಿಬ್ಬರು. ನಾವಿಬ್ಬರು ಎಂದರೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ, ನೀಲಕ್ಕ.

ನಮ್ಮ ಪಾಳಿ ಬರುವವರೆಗೆ ಇಬ್ಬರೂ ಬಂಬಿಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದೆವು. ನಾನು ತೊಗರಿ ಕಟ್ಟಿಗೆ ಮುರಿದು ಕೊಡುವುದು, ಅವಳು ಒಟ್ಟುವುದು. ಆ ಸ್ವಲ್ಪ ಹೊತ್ತಿನಲ್ಲಿ ಮನೆಯ ಸುದ್ದಿ, ಓಣಿಯ ಸುದ್ದಿ, ಅತ್ತೆಯ ಮೇಲಿನ ದೂರು, ನನ್ನ ಬಿ.ಎಡ್. ಪರೀಕ್ಷೆಯ ಭಯ, ಅವಳ ಹೊಟ್ಟೆಯಲ್ಲೇ ಹೋದ ಕೂಸಿನ ದುಃಖ, ಎಲ್ಲವೂ ಮುಗಿಯುತ್ತಿತ್ತು. ಒಳಗೆ ಬಂದರೆ ಅವಳು ಹಿರಿಸೊಸೆ, ನಾನು ಕಿರಿಸೊಸೆ. ಹೊರಗೆ ಬಂಬಿನ ಹತ್ತಿರ ಇಬ್ಬರು ಹೆಣ್ಣುಮಕ್ಕಳು, ಅಷ್ಟೇ.

ಮುಂದೆ ಮನೆ ಬೇರೆಯಾಯಿತು. ಜಗಳವಾಡಿ ಅಲ್ಲ. ಮಕ್ಕಳು ದೊಡ್ಡವರಾದರು, ಮನೆ ಸಣ್ಣದಾಯಿತು. ಭಾವನವರು ಟಿಕೋಟದ ದ್ರಾಕ್ಷಿ ತೋಟಕ್ಕೆ ಹೋದರು, ನಾವು ಅಥಣಿ ರಸ್ತೆಗೆ ಬಂದೆವು. ಪಾತ್ರೆ ಹಂಚುವ ದಿನ ಬಂಬಿನ ಮುಂದೆ ನಾವಿಬ್ಬರೂ "ನೀ ಒಯ್ಯಿ", "ಇಲ್ಲ, ನೀ ಒಯ್ಯಿ" ಎಂದು ಬಹಳ ಹೊತ್ತು ನಿಂತಿದ್ದೆವು. ಹೊಸ ಬಡಾವಣೆಯಲ್ಲಿ ಹೊಗೆ ಎಬ್ಬಿಸಿದರೆ ನೆರೆಯವರು ಸುಮ್ಮನಿರುವುದಿಲ್ಲ. ಅವಳಿಗಾದರೆ ಬಳ್ಳಿ ಸವರುವ ಚಾಟ್ನಿ ಮಾಡಿದಾಗ ಕತ್ತರಿಸಿ ಬಿದ್ದ ದ್ರಾಕ್ಷಿ ಕಡ್ಡಿಯೇ ರಾಶಿ ರಾಶಿ. ಬಂಬು ಟ್ರ್ಯಾಕ್ಟರ್ ಏರಿ ಟಿಕೋಟಕ್ಕೆ ಹೋಯಿತು.

ಟಿಕೋಟದ ಬಸ್ಸುಗಳೆಲ್ಲ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತವೆ. ಇದೊಂದು ಶಿಕ್ಷೆ. ದೂರದ ಊರಲ್ಲಿ ಇದ್ದಿದ್ದರೆ ಮನಸ್ಸು ತಿಳಿದುಕೊಳ್ಳುತ್ತಿತ್ತು. ನೀಲಕ್ಕ ಸಂತೆಗೋ ಔಷಧದ ಅಂಗಡಿಗೋ ಬಂದಾಗ ನಮ್ಮಲ್ಲಿ ಇಳಿಯುತ್ತಾಳೆ, ಬಾಗಿಲಲ್ಲೇ "ಗಡಿಬಿಡಿ ಐತಿ ಬೇ" ಎನ್ನುತ್ತಾಳೆ, ಚಹಾ ಆರಿಸಿ ಕುಡಿಯುವಷ್ಟು ಪುರಸೊತ್ತೂ ಇಲ್ಲದೆ ಹೊರಟು ನಿಲ್ಲುತ್ತಾಳೆ. ಎಮ್ಮೆ, ಆಳುಗಳು, ಔಷಧ ಹೊಡೆಯುವುದು, ಬಾಬಾನಗರದ ಯಾರದೋ ಮದುವೆ. ಬೇರೆಯಾದಾಗಿನಿಂದ ಅವಳು ನಮ್ಮಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಅವಳ ಮನಸ್ಸಿನಲ್ಲಿ ನನ್ನ ಜಾಗ ಹೋಯಿತೇನೋ ಎಂದು ನನಗೆ ಒಳಗೊಳಗೇ ಹೆದರಿಕೆ. ಕೇಳುವುದು ಹೇಗೆ? ಆ ಥರದ ಮಾತು ಕೇಳಲು ಬೆನ್ನ ಹಿಂದೆ ಒಂದು ಬಂಬು ಬೇಕು.

ಈ ದೀಪಾವಳಿಗೆ ಟಿಕೋಟದ ಮನೆಯ ಹಿಂಭಾಗ ಕೆಡವಿ ಕಟ್ಟುತ್ತಿದ್ದರು, ಬಚ್ಚಲೇ ಇರಲಿಲ್ಲ. "ಈ ಸಲ ನಿಮ್ಮಲ್ಲೇ ನೀರ ತುಂಬೂಣು" ಎಂದು ಭಾವನವರು ಫೋನಿನಲ್ಲಿ ಹೇಳಿದಾಗ ನಾನು ಒಲೆಯ ಮೇಲಿನ ಹಾಲನ್ನೇ ಮರೆತೆ. ನೀಲಕ್ಕ ಬರುವಾಗಲೇ ಷರತ್ತು ಹಾಕಿಕೊಂಡು ಬಂದಳು. "ಮುಂಜಾನೆ ಎರಕೊಂಡ ಕೂಡ್ಲೆ ಹೋಗ್ತೀನಿ ನೋಡ್. ಗೌಂಡಿಗೋಳು ಬರ್ತಾರ." ಬರಲಿ, ಒಂದು ರಾತ್ರಿಯಾದರೂ ಆಯಿತಲ್ಲ ಎಂದುಕೊಂಡೆ.

ನೀರು ತುಂಬುವ ಹಬ್ಬದ ಪದ್ಧತಿ ನಿಮಗೆ ಗೊತ್ತಿರಬಹುದು. ನೀರು ಕಾಯಿಸುವ ಪಾತ್ರೆಯನ್ನು ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡಲಿಕಾಯಿ ಎಂಬ ಕಹಿ ಕಾಡುಕಾಯಿಯ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿ ಪೂಜೆ ಮಾಡಬೇಕು. ನೀಲಕ್ಕ ಬಿಳಿಯ ಟಾಕಿಯನ್ನು ಒಂದು ಸುತ್ತು ಹಾಕಿ ನೋಡಿ, "ಇದರಾಗಿನ ಹಳೇ ನೀರು?" ಎಂದಳು.

"ಅದು ಯಾವಾಗ್ಲೂ ಇರ್ತೈತಕ್ಕಾ."

"ಯವ್ವ! ಹಳೇ ನೀರಾಗ ಹಬ್ಬದ ಜಳಕ ಹೆಂಗ ಮಾಡೂದ ಬೇ?"

ಯಂತ್ರ ಕೂಡಿಸಿಕೊಟ್ಟ ಹುಡುಗ ನೀರು ಖಾಲಿ ಮಾಡುವ ಕೆಳಗಿನ ಕೀಲಿ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ. ನಮ್ಮವರು ಪಟಾಕಿ ತರಲು ಹೋಗಿದ್ದರು. ನಾನು ಸ್ವಿಚ್ ಆರಿಸಿದೆ, ನೀಲಕ್ಕ ಕೀಲಿ ತಿರುಗಿಸಿದಳು. ಕಾದ ನೀರೆಲ್ಲ ಹೊರಗೆ ಬಂತು, ಅದರಲ್ಲಿ ಅಂಗಳ ತೊಳೆದೆವು. ಹೊಸ ನೀರು ತುಂಬಿದೆವು. ಟಾಕಿಗೆ ಪಟ್ಟೆ ಬಳಿದೆವು. ಹಿಂಡಲಿಕಾಯಿಯ ಸರವನ್ನು ಫ್ಯಾನಿಗೆ ತಾಗದಂತೆ ಕಟ್ಟುವುದರಲ್ಲಿ ಮಾತ್ರ ಬೆವರು ಬಂತು. ಆರತಿ ಬೆಳಗಿದಾಗ ಆ ಯಂತ್ರ ಮದುಮಗನ ಹಾಗೆ ನಾಚಿಕೊಂಡು ನಿಂತಂತೆ ಕಂಡಿತು. ಸ್ವಿಚ್ ಹಾಕುವ ಮಾತು ಇಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹಾಕುತ್ತಿರಲಿಲ್ಲ. ತುಂಬಿದ ನೀರು ರಾತ್ರಿಯೆಲ್ಲ ತಣ್ಣಗಿರಬೇಕು, ಬೆಂಕಿ ಹಚ್ಚುವುದು ನಸುಕಿನಲ್ಲೇ. ಹುಟ್ಟಿದಾಗಿನಿಂದ ಹಾಗೆಯೇ ಮಾಡಿದ್ದೇವೆ.

ನಸುಕಿಗೆ ಎದ್ದು, ದೀಪ ಹಚ್ಚಿಟ್ಟು, ನೀಲಕ್ಕನ ಕೈಯಿಂದಲೇ ಸ್ವಿಚ್ ಹಾಕಿಸಿದೆ. ಎಲ್ಲರೂ ತಲೆಗೆ ಮೈಗೆ ಎಣ್ಣೆ ಒತ್ತಿಕೊಂಡು ಕುಳಿತೆವು. ಬಂಬಾಗಿದ್ದರೆ ಎಣ್ಣೆ ಇಳಿಯುವುದರೊಳಗೆ ನೀರು ಕುದಿಯುತ್ತಿತ್ತು. ನಮ್ಮವರು ಎದ್ದು ಬಂದು ಟಾಕಿ ಮುಟ್ಟಿ ನೋಡಿ, ನಮ್ಮಿಬ್ಬರನ್ನೂ ನೋಡಿ, ಪಾಲಿಟೆಕ್ನಿಕ್ಕಿನ ದನಿಯಲ್ಲಿ ಅತ್ತಿಗೆಗೆ ಹೇಳಿದರು. "ಇದು ನಿಧಾನಕ್ಕ ಕಾಯೂ ಮಷಿನ್ ವೈನಿ. ಇಷ್ಟೂ ನೀರು ಕಾಯಬೇಕಂದ್ರ ಬಿಸಲೇರತದ."

ಹಬ್ಬದ ದಿನ ಎಣ್ಣೆ ಹಚ್ಚಿಕೊಂಡವರು ಮೀಯದೆ ಹೊಸ್ತಿಲು ದಾಟುವಂತಿಲ್ಲ. ಗೌಂಡಿಗಳು ಬರುವವರು, ಬಸ್ಸು ತಪ್ಪುತ್ತದೆ. ನೀಲಕ್ಕ ಬೇಸರ ಮಾಡಿಕೊಂಡು ಇನ್ನು ಈ ಕಡೆ ಕಾಲಿಡದಿದ್ದರೆ? ಅಷ್ಟರಲ್ಲಿ ಭಾವನವರು, "ಗ್ಯಾಸಿನ ಮ್ಯಾಲ ಎರಡ ಪಾತೇಲಿ ಇಡ್ರಿ, ಆತು" ಎಂದರು. ಅದು ಸರಿಯಾದ ಮಾತು. ನಾನು ಎದ್ದು ನಿಂತೆ, ಆದರೆ ಕಾಲು ಅಡುಗೆಮನೆಯ ಕಡೆ ಹೋಗಲಿಲ್ಲ.

"ನಿಮಗ ಇಟ್ಟುಕೊಳ್ರಿ ಬೇಕಾದ್ರ" ಎಂದಳು ನೀಲಕ್ಕ ತನ್ನ ಗಂಡನಿಗೆ. "ನಾ ಮಾತ್ರ ತುಂಬಿದ ನೀರಾಗ ಎರಕೊಳ್ಳಾಕಿ."

ಗಂಡಸರು ಗ್ಯಾಸಿನ ನೀರಲ್ಲಿ ಮಿಂದು, ಒಳಗೆ ಹೋಗಿ ಟಿ.ವಿ. ಹಚ್ಚಿದರು. ನಾವಿಬ್ಬರು ಹಿತ್ತಲಲ್ಲಿ ಉಳಿದೆವು. ಯಂತ್ರ ಗುಂಯ್ ಎನ್ನುತ್ತ ನಮ್ಮ ಮೇಲೆ ತಣ್ಣಗೆ ಊದುತ್ತಿತ್ತು. ನಾನು ಹಳೆಯ ಕೌದಿಯೊಂದನ್ನು ತಂದೆ. ಎಣ್ಣೆ ಹತ್ತಿದರೆ ಹತ್ತಲಿ ಎಂದು ಇಬ್ಬರೂ ಅದನ್ನೇ ಹೊದ್ದು ಭುಜಕ್ಕೆ ಭುಜ ತಾಗಿಸಿ ಕುಳಿತೆವು. ಬಂಬು ನಮ್ಮನ್ನು ಕಾಯಿಸುತ್ತಿದ್ದುದರಿಂದ ಹತ್ತಿರ ಕೂಡುತ್ತಿದ್ದೆವು. ಈ ಪುಣ್ಯಾತ್ಮ ಚಳಿ ಹಚ್ಚಿ ಹತ್ತಿರ ಕೂಡಿಸಿದ.

"ಅಲ್ಲಿ ಬಂಬು ಹಚ್ತೀ ಏನಕ್ಕಾ?" ಎಂದು ಕೇಳಿದೆ.

"ಎಲ್ಲೀದ ಬೇ. ಗೀಜರ್ ಐತಿ. ಗುಂಡಿ ಒತ್ತಿದ್ರ ನೀರು. ಯಾರಿಗೂ ಯಾರ ದಾರಿ ನೋಡೂ ಗರಜಿಲ್ಲ. ಅವರವರ ಜಳಕ ಅವರವರಿಗೆ." ಕೌದಿಯ ಅಂಚು ಎಳೆದುಕೊಂಡು ಹೇಳಿದಳು. "ನಿಮ್ಮ ಮನ್ಯಾಗ ಇರಾಕ ನನಗ ಮನಸ್ಸಿಲ್ಲಂತ ತಿಳಕೊಂಡಿ ಹೌದಿಲ್ಲೊ? ಒಂದ ರಾತ್ರಿ ಇದ್ರ ಮುಂಜಾನೆ ಹೋಗೂದು ಭಾಳ ತ್ರಾಸ ಆಗ್ತೈತಿ. ಅದಕ್ಕ ಚಾ ಕುಡದ ಓಡ್ತೀನಿ."

ಇಷ್ಟು ವರ್ಷ ನಾನು ಕಿಟಕಿಯಲ್ಲಿ ನಿಂತು ಬಸ್ಸುಗಳನ್ನು ನೋಡಿದ್ದೆಲ್ಲ ಒಮ್ಮೆಲೇ ನೆನಪಿಗೆ ಬಂತು. ಏನಾದರೂ ಹೇಳಬೇಕೆಂದು ಹೊರಟು, ನನ್ನ ಕಡೆಯೂ ಅದೇ ತ್ರಾಸ ಇದೆ ಎಂದಷ್ಟೇ ಹೇಳಿದೆ. ಆಮೇಲೆ ಮಾತು ತಾನಾಗಿಯೇ ಬಿಚ್ಚಿಕೊಂಡಿತು. ತೋಟ, ಮಕ್ಕಳು, ಮೊಣಕಾಲು, ಸತ್ತ ಅತ್ತೆಯ ಮೇಲೆ ಉಳಿದಿದ್ದ ಒಂದೆರಡು ದೂರು. ರಸ್ತೆಯಲ್ಲಿ ಟಿಕೋಟದ ಬಸ್ಸು ಹೋದ ಸದ್ದು ಕೇಳಿತು. ಇಬ್ಬರೂ ತಲೆ ಎತ್ತಲಿಲ್ಲ. ನನ್ನ ಸಿಟ್ಟಿನ ಕಾರಣವೂ ಆಗಲೇ ಸರಿಯಾಗಿ ತಿಳಿದದ್ದು. ಬಿಸಿಯನ್ನು ಯಾವ ಯಂತ್ರವಾದರೂ ಕೊಟ್ಟೀತು. ಬಿಸಿ ಬರುವವರೆಗೆ ಒಬ್ಬರ ಪಕ್ಕ ಒಬ್ಬರು ಸುಮ್ಮನೆ ಕುಳಿತಿರಬೇಕಾದ ಆ ಹೊತ್ತು ಇತ್ತಲ್ಲ, ನಾನು ಬಯಸುತ್ತಿದ್ದದ್ದು ಅದನ್ನು.

ಬಿಸಿಲು ಕಾಂಪೌಂಡಿನಿಂದ ಇಳಿದು ಕೌದಿಯ ಮೇಲೆ ಬಂತು. ಯಂತ್ರ ಟಕ್ ಎಂದು ನಿಂತಿತು. ನೀರು ಕಾದರೆ ಅದು ನಿಲ್ಲುವುದು ಹಾಗೆಯೇ. ನಾನು ಗೊತ್ತಿಲ್ಲದವಳಂತೆ ಸುಮ್ಮನಿದ್ದೆ.

ನೀಲಕ್ಕ ಎದ್ದಳು. ಟಾಕಿಯ ಹತ್ತಿರ ಹೋಗಿ ಬಿಸಿನೀರಿನ ಕೊಳವೆ ಮುಟ್ಟಿದಳು. ಚುರುಕ್ಕೆಂದು ಬೆರಳು ಹಿಂದೆಳೆದುಕೊಂಡು ಸೆರಗಿನಲ್ಲಿ ಒತ್ತಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ತಿರುಗಿ ಬಂದು ಕೌದಿ ಎತ್ತಿ ನನ್ನ ಪಕ್ಕಕ್ಕೆ ನುಸುಳಿಕೊಂಡಳು.

"ಇನ್ನೂ ಕಾದಿಲ್ಲ ಬೇ" ಎಂದಳು. "ಅತ್ಲಾಗ ಸರಿ ಸ್ವಲ್ಪ."